ಹನ್ನೆರಡರ ಮೇಲೆ ಏಳು ಹಾಡು

ನಾನು ಓದಿದ್ದು ಮೂರನೇ ಕ್ಲಾಸು. ಹಾಗಿದ್ದೂ ನನ್ನ ಮೊಮ್ಮಗಳು ಎಂ.ಫಿಲ್ ಮಾಡಿದವಳು ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಬಿಡುತ್ತೇನೆ. ಅವರೇನೂ ಕೇಳಿರುವುದಿಲ್ಲ. ಹೇಳಿದಷ್ಟೂ ನನಗೆ ಹಿಗ್ಗು ಉಕ್ಕುತ್ತದೆ. ಆದರೆ ಅವಳು ಅದರ ಪ್ರಬಂಧ ಬರೆದ ವರ್ಷದ ಕಥೆಯನ್ನು ಮಾತ್ರ ಯಾರಿಗೂ ಪೂರ್ತಿ ಹೇಳಿಲ್ಲ. ನಾನು ಮಾಡಿದ್ದು ಅದರಲ್ಲಿದೆಯಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹಾಸನದ ಕಡೆಯಿಂದ ಬಂದು ವೆಸ್ಟ್ ಮಾಂಬಲಂನ ಮಗಳ ಮನೆಯಲ್ಲಿದ್ದೆ. ಮೊಮ್ಮಗಳು ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. "ಊಟ ಆಯ್ತೇನೇ?" ಎಂದರೆ "ಸಾಪ್ಟಾಚು ಅಜ್ಜಿ" ಎಂದು ತಮಿಳಿನಲ್ಲೇ ಎಸೆದು ಹೋಗುವಳು. ಒಂದೇ ಮನೆಯಲ್ಲಿದ್ದು ಇಬ್ಬರ ನಡುವೆ ದಿನಕ್ಕೆ ನಾಲ್ಕು ಮಾತು ನಡೆದರೆ ಹೆಚ್ಚು.

ಅಂಥವಳು ಒಂದು ದಿನ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬಂದು ನನ್ನ ಮಂಚದ ಮೇಲೆ ಕೂತಳು.

"ಅಜ್ಜಿ, ನಿಮ್ಮ ಊರ್ ಮದುವೇಲಿ ಬೀಗರನ್ನ ಕಿಂಡಲ್ ಮಾಡಿ ಹಾಡ್ತಾರಂತಲ್ಲ, ಆ ಪಾಟ್ಟು ನಿಂಗೆ ತೆರಿಯುಮಾ?"

"ತೆರಿಯುಮಾ ಅಂತೆ! ಗೊತ್ತಿರದೆ ಏನು! ನಾನು ಬಾಯಿ ತೆಗೆದ್ರೆ ಬೀಗಿತ್ತಿಗೆ ಅನ್ನ ನುಂಗೋಕೂ ಆಗ್ತಿರ್ಲಿಲ್ಲ, ಉಗಿಯೋಕೂ ಆಗ್ತಿರ್ಲಿಲ್ಲ ಕಣೇ."

ಕಾಲೇಜಿಗೆ ಅವಳು ಬರೆಯಬೇಕಾದ ಪ್ರಬಂಧಕ್ಕೆ ಈ ಹಾಡುಗಳೇ ವಿಷಯವಂತೆ. ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ದಿನಾ ಮಧ್ಯಾಹ್ನ ಬಂದು ಕೂರುವಳು. ನಾನು ಹಾಡುವುದು, ಅವಳು ಬರೆದುಕೊಳ್ಳುವುದು. "ಇದಕ್ಕೆ ಏನ್ ಅರ್ಥ ಅಜ್ಜಿ? ಇನ್ನೊಂದ್ಸಲ ಹೇಳು." ಕನ್ನಡ ಅವಳ ಬಾಯಲ್ಲಿ ಎಡವುತ್ತಾ ಎಡವುತ್ತಾ ನಡೆಯತೊಡಗಿತು. ಕಾಫಿ ಲೋಟ ಕೈಗೆ ಕೊಡುವಾಗ ಮಗಳು, "ಏನಮ್ಮಾ, ನಿನ್ನ ದರ್ಬಾರು ಜೋರಾಗಿದೆ" ಎಂದು ರೇಗಿಸುವಳು.

ಹನ್ನೆರಡು ಹಾಡಿಗೆ ನನ್ನ ಬುತ್ತಿ ಖಾಲಿಯಾಯಿತು.

ನಮ್ಮ ಕಡೆ ಒಂದು ಕಟ್ಟಳೆಯಿದೆ. ಬೀಗರು ಎಲೆ ಮುಂದೆ ಕೂತಿರುವವರೆಗೆ ಹಾಡು ನಿಲ್ಲಬಾರದು. ಬಲ್ಲ ಹಾಡು ಮುಗಿದು ಬೀಗರು ಇನ್ನೂ ಉಣ್ಣುತ್ತಿದ್ದರೆ, ಕಣ್ಣಿಗೆ ಬಿದ್ದದ್ದನ್ನು ಹಿಡಿದು ಕಟ್ಟಿ ಹಾಡುತ್ತಿದ್ದೆವು. ಕಟ್ಟಿದ್ದನ್ನು ಮಾರನೇ ದಿನ ನಾವೇ ಮರೆಯುತ್ತಿದ್ದೆವು. ಅದನ್ನೆಲ್ಲ ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ.

"ಇನ್ನೂ ಇದೆಯಾ ಅಜ್ಜಿ?" ಎಂದು ಮೊಮ್ಮಗಳು ಕೇಳಿದಳು. ಇಲ್ಲ ಎಂದರೆ ಟೇಪ್ ರೆಕಾರ್ಡರ್ ಮುಚ್ಚಿಕೊಂಡು ಹೋಗುವಳು. ಬಾಗಿಲ ಹಿಂದೆ ಅಳಿಯನ ಕೊಡೆ ನೇತಾಡುತ್ತಿತ್ತು. ಬಾಯಿ ತನ್ನಷ್ಟಕ್ಕೆ ಶುರು ಮಾಡಿತು:

ಹಪ್ಪಳ ಮುರಿದರೆ ಬೀಗಿತ್ತಿ ಬೆಚ್ಚಿದಳು,
ಗುಡುಗೆಂದು ಚಪ್ಪರದಿ ಕೊಡೆಯ ಬಿಚ್ಚಿದಳು,
ಪಾಯಸ ಬಂದಾಗ ಕೊಡೆ ತಿರುವಿ ಚಾಚಿದಳು.

ಅವಳು ನಕ್ಕ ನಗು! ಹೊಟ್ಟೆ ಹಿಡಿದುಕೊಂಡು ನನ್ನ ತೊಡೆಯ ಮೇಲೇ ಉರುಳಿದಳು. ಆ ನಗುವಿಗಾಗಿ ಇನ್ನೂ ಆರು ಕಟ್ಟಿದೆ. ಎಲ್ಲವೂ ನನ್ನ ಅಜ್ಜಿ ಕಲಿಸಿದ್ದು ಎಂದೆ.

ಅವಳ ಕಾಲೇಜಿನ ಮೇಡಂ, ಒಬ್ಬರು ಹಾಡಿದರೆ ಸಾಲದು, ಇನ್ನೊಬ್ಬರಲ್ಲೂ ಕೇಳಿ ನೋಡು ಎಂದರಂತೆ. ಬೆಸೆಂಟ್ ನಗರದಲ್ಲಿ ನಮ್ಮ ಕಡೆಯ ಮುದುಕಿಯೊಬ್ಬರಿದ್ದರು. ಇವಳು ಅಲ್ಲಿಗೆ ಹೋಗಿ ಬಂದಳು.

"ಅಜ್ಜಿ, ಅವ್ರಿಗೆ ಹನ್ನೆರಡೂ ಗೊತ್ತು. ಈ ಏಳು ಮಾತ್ರ ಕೇಳೇ ಇಲ್ಲ ಅಂತಾರೆ."

ಹೇಳಿಬಿಡಲು ಅದೇ ಸಮಯವಾಗಿತ್ತು. ನಾನು ಹೇಳಿದ್ದು, "ವಯಸ್ಸಾಯ್ತಲ್ಲ, ಪಾಪ, ಮರೆತಿದಾರೆ."

ಅವಳು ನಂಬಿದಳು. ಬೇರೆಲ್ಲೂ ಉಳಿಯದೆ ನನ್ನ ಬಾಯಲ್ಲಿ ಮಾತ್ರ ಉಳಿದ ಹಾಡುಗಳು ಎಂದು ಅವುಗಳಿಗೇ ಒಂದು ಅಧ್ಯಾಯ ಮಾಡಿದಳು. ಕೊಡೆಯೊಂದರ ಮೇಲೆಯೇ ಒಂಬತ್ತು ಪುಟ. "ಕೊಡೆ ಅಂದ್ರೆ ಮನೆತನದ ಮಾನ ಅಜ್ಜಿ, ಅದನ್ನ ತಲೆಕೆಳಗೆ ಮಾಡ್ತಾರೆ, ಎಷ್ಟು ಆಳ ನೋಡು!" ಎಂದು ಕಣ್ಣರಳಿಸಿ ವಿವರಿಸುವಳು. ನಾನು ಅಕ್ಕಿ ಆರಿಸುತ್ತಾ ತಲೆ ಎತ್ತುತ್ತಿರಲಿಲ್ಲ. ಈ ಅಧ್ಯಾಯದ ಬಲದ ಮೇಲೆ ಮುಂದಿನ ಸಂಶೋಧನೆಗೆ ಸೀಟು ಸಿಗಬಹುದು ಎಂದು ಮೇಡಂ ಹೇಳಿದ ದಿನ ಮನೆಯಲ್ಲಿ ಕೇಸರಿಬಾತು ಮಾಡಿದ್ದೆವು. ನನ್ನ ಪಾಲನ್ನು ಅಳಿಯನ ತಟ್ಟೆಗೆ ಹಾಕಿಬಿಟ್ಟೆ.

ಬೈಂಡಿಂಗಿಗೆ ಕೊಡುವ ದಿನ ಬೆಳಿಗ್ಗೆ ಅವಳು ಹಾಳೆಗಳನ್ನು ಜೋಡಿಸುತ್ತಾ, "ಅಜ್ಜಿ, ಮೊದಲನೇ ಪುಟದಲ್ಲಿ ನಿಂಗೆ ಇಂಗ್ಲಿಷಲ್ಲಿ ಥ್ಯಾಂಕ್ಸ್ ಬರೆದಿದೀನಿ, ಕನ್ನಡದಲ್ಲಿ ಹೇಳ್ತೀನಿ ಕೇಳು" ಎಂದಳು. ಪದ ಪದ ಹುಡುಕಿಕೊಂಡು ಹೇಳಿದಳು: "ತನಗೆ ಬಂದ ಹಾಡನ್ನು ತನ್ನ ಮಾತು ಒಂದನ್ನೂ ಸೇರಿಸದೆ ನನಗೆ ಕೊಟ್ಟ ನನ್ನ ಅಜ್ಜಿಗೆ."

ಅವಳು ಜೋಡಿಸುತ್ತಿದ್ದ ಹಾಳೆಗಳ ಮೇಲೆ ಕೈಯಿಟ್ಟೆ.

"ಆ ಏಳು ನಾನೇ ಕಟ್ಟಿದ್ದು ಕಣೇ."

"ಏನು?"

"ನಮ್ಮಜ್ಜಿ ಕಲಿಸಿದ್ದಲ್ಲ. ನಾನೇ. ನೀನು ಎದ್ದು ಹೋಗ್ತೀಯ ಅಂತ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಏನ್ ಅಜ್ಜಿ ಇಪ್ಪಡಿ ಪಣ್ಣಿಟ್ಟೆ" ಎಂದಳು, ಹೀಗೆ ಮಾಡಿಬಿಟ್ಟೆಯಲ್ಲ ಎಂದು. ಆ ಅಧ್ಯಾಯವನ್ನು ಎಳೆದು ತೆಗೆದು ಬೇರೆ ಇಟ್ಟಳು. ಅದಿಲ್ಲದೆ ಉಳಿದ ಹಾಳೆಗಳು ಎಷ್ಟು ತೆಳ್ಳಗೆ ಕಂಡವು!

ಮೇಡಂಗೆ ಹೋಗಿ ಅವಳೇ ನಿಜ ಹೇಳಿ ಬಂದಳು. ಹೊಸದಾಗಿ ಬರೆಯುವಷ್ಟರಲ್ಲಿ ಗಡುವು ಮೀರಿತು. ಸೀಟು ಇನ್ನೊಬ್ಬರಿಗೆ ಹೋಯಿತು. ಆಮೇಲಿನ ತಿಂಗಳುಗಳಲ್ಲಿ ಅವಳು ಮಂಚದ ಹತ್ತಿರ ಬರಲಿಲ್ಲ. "ಊಟ ಆಯ್ತೇನೇ?" ಎಂದು ಕೇಳುವ ಧೈರ್ಯವೂ ನನಗೆ ಉಳಿಯಲಿಲ್ಲ. ಮಗಳು ಒಮ್ಮೆ, "ಹೋಗ್ಲಿ ಬಿಡಮ್ಮ, ಗೊತ್ತಿಲ್ದೆ ಮಾಡಿದ್ದಲ್ವಾ" ಎಂದಳು. ಗೊತ್ತಿದ್ದೇ ಮಾಡಿದ್ದೆ. ಒಂದಲ್ಲ, ಏಳು ಸಲ.

ಹನ್ನೆರಡು ಹಾಡುಗಳ ಮೇಲೆಯೇ ಬರೆದು ಮುಗಿಸಿ, ತಡವಾಗಿ ಎಂ.ಫಿಲ್ ಪಡೆದಳು. ಅಷ್ಟರಲ್ಲಿ ರಾಯಪುರಂನ ಒಂದು ಶಾಲೆಗೆ ಟೀಚರಾಗಿ ಸೇರಿದ್ದಳು. ಫಲಿತಾಂಶ ಬಂದ ದಿನ ನಾನು ಬೀದಿಯ ಈ ತುದಿಯಿಂದ ಆ ತುದಿಗೆ ಮೈಸೂರುಪಾಕು ಹಂಚಿದೆ. ಇಸ್ತ್ರಿಯವನಿಗೂ ಕೊಟ್ಟೆ, ನನ್ನನ್ನು ಕಂಡರಾಗದ ಮೇಲಿನ ಮನೆಯಾಕೆಗೂ ಕೊಟ್ಟೆ. ಕಡೆಗೆ ಒಂದು ತುಂಡು ಹಿಡಿದು ಅವಳ ಎದುರು ನಿಂತೆ. ಅವಳು ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಕೂತಿದ್ದಳು.

"ಅಜ್ಜಿ, ನೀನೇ ಕಟ್ಟೋದು ಅಂತ ಅವತ್ತೇ ಹೇಳಿದ್ರೆ ನಾನು ಅದನ್ನೇ ಬರೀತಿದ್ದೆ. ಎಲ್ಲಕ್ಕಿಂತ ಅದೇ ಪೆರಿಸು."

ಅದೇ ದೊಡ್ಡದಂತೆ. ಹಾಡು ಕಟ್ಟುವುದು ಯಾರಾದರೂ ಕೇಳಿ ಬರೆದುಕೊಳ್ಳುವಂಥ ಸಂಗತಿ ಎಂದು ನನ್ನ ಜನ್ಮದಲ್ಲಿ ನನಗೆ ಯಾರು ಹೇಳಿದ್ದರು? ಹೇಳಿದವಳು ಇವಳೊಬ್ಬಳೇ, ಅದೂ ಎಲ್ಲ ಕೈ ತಪ್ಪಿಹೋದ ಮೇಲೆ.

"ಈಗ ಬರಿಯೇ," ಎಂದೆ.

"ಈಗ ಎಲ್ಲಿ ಅಜ್ಜಿ? ನಾಳೆಗೆ ಇನ್ನೂ ಇಷ್ಟು ತಿದ್ದಬೇಕು."

ಹಾಗೆಂದು ಮೈಸೂರುಪಾಕು ಬಾಯಿಗೆ ಹಾಕಿಕೊಂಡು, ನೋಟ್‌ಬುಕ್ಕಿನ ರಾಶಿಯನ್ನು ಆಚೆ ತಳ್ಳಿ, ನನಗೆ ಕೂರಲು ಜಾಗ ಮಾಡಿದಳು. ಅವಳ ಬದುಕಿನ ಒಂದು ಬಾಗಿಲನ್ನು ನನ್ನ ಕೈಯಾರೆ ಮುಚ್ಚಿದವಳು ನಾನು. ಆದರೂ ಆ ಗೇಣು ಜಾಗಕ್ಕೆ ಹಿಗ್ಗಿಹೋದೆ. ಹೋಗಿ ಕೂತೆ.