ವೈನಿ ಕೊಟ್ಟ ಕೆಂಪು

ವೈನಿಯ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಶಾಯಿ ಇಲ್ಲದ ದಿನವೇ ಇರಲಿಲ್ಲ. ಅದು ಯಾವ ಬಣ್ಣದ್ದು ಎಂದು ಮಾತ್ರ ನನ್ನನ್ನು ಕೇಳಬೇಡಿ. ಕೆಂಪು, ಹಸಿರು ಎರಡೂ ನನ್ನ ಕಣ್ಣಿಗೆ ಒಂದೇ. ಅಂಥವನು ಬಣ್ಣದ ಕೆಲಸದಲ್ಲೇ ಹೊಟ್ಟೆ ಹೊರೆದೆ ಎಂದರೆ ಅದು ವೈನಿಯ ಪುಣ್ಯ.

ಕಲಬುರಗಿಯ ಜಗತ್ ಸರ್ಕಲ್ ಬಳಿ ಅವರದೊಂದು ಪುಟ್ಟ ಪ್ರೆಸ್. ಮಷೀನು ನಡೆಸುತ್ತಿದ್ದ ಮೈದುನ ಅತ್ತಿಗೆಯನ್ನು ‘ವೈನಿ’ ಎಂದು ಕರೆಯುತ್ತಿದ್ದರಿಂದ ಗಿರಾಕಿಗಳಿಗೂ ಅವರು ವೈನಿಯೇ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ತರಿಸಿ ನನ್ನನ್ನು ಕೆಲಸಕ್ಕೆ ಕರೆದರು. ಅಲ್ಲಿಯವರೆಗೆ ನಾನು ಕಮಲಾಪುರದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಬಣ್ಣದ ಡಬ್ಬಿಯ ಮೇಲೆ ಹೆಸರಿರುತ್ತಿತ್ತು. ಓದಿ ಕುಂಚ ಅದ್ದಿದರೆ ಮುಗಿಯಿತು. ಕಂಪ್ಯೂಟರಿನಲ್ಲಿ ಬರೀ ಬಣ್ಣದ ಚೌಕಗಳು.

ಮೊದಲ ದೊಡ್ಡ ಕೆಲಸ ನಮ್ಮೂರಿನ ಕೆಂಪು ಬಾಳೆಹಣ್ಣಿನ ಪೆಟ್ಟಿಗೆಯ ಲೇಬಲ್ಲು. ಹುರುಪಿನಿಂದ ಮಾಡಿ ತೋರಿಸಿದೆ. ವೈನಿ ಪರದೆ ನೋಡಿದರು, ನನ್ನನ್ನು ನೋಡಿದರು.

"ಯಾಕೋ, ಹಣ್ಣು ಹಸರ್ ಯಾಕ ಮಾಡಿದಿ?"

"ಹಸರ್ ಆಗ್ಯದೇನ್ರೀ ವೈನಿ?"

"ಕಮಲಾಪುರದಾಗ ಹುಟ್ಟಿ, ಕೆಂಪ ಬಾಳಿಹಣ್ಣು ಕಾಣಂಗಿಲ್ಲೇನೋ ನಿನಗ!"

ಕಾಣುವುದಿಲ್ಲ ಎಂದೆ. ಮನೆಯಲ್ಲಿ ಹೆಂಡತಿ, ಕೂಸು. ಕೆಲಸ ಹೋಯಿತೆಂದುಕೊಂಡೆ.

ವೈನಿ ಪೇಟೆಯಿಂದ ಒಂದು ಕೆಂಪು ಬಾಳೆಹಣ್ಣು ತರಿಸಿದರು. ನಮ್ಮ ಮಷೀನಿನಲ್ಲೇ ಹತ್ತಾರು ಬಗೆಯ ಕೆಂಪು ಛಾಪಿಸಿ, ಬಾಗಿಲ ಬಿಸಿಲಿನಲ್ಲಿ ಹಣ್ಣಿನ ಪಕ್ಕ ಹಿಡಿದು, ಒಂದನ್ನು ಆರಿಸಿದರು. ಅದರ ನಾಲ್ಕು ಶಾಯಿಗಳ ಪ್ರಮಾಣವನ್ನು ನನ್ನಿಂದಲೇ ಕಂಪ್ಯೂಟರಿಗೆ ಹಾಕಿಸಿದರು: ಸಯಾನ್ ಇಪ್ಪತ್ತು, ಮೆಜೆಂಟಾ ತೊಂಬತ್ತು, ಹಳದಿ ಎಂಬತ್ತು, ಕಪ್ಪು ಮೂವತ್ತು. ‘ಕಮಲಾಪುರ ಬಾಳೆ’ ಎಂದು ಹೆಸರು ಕೊಟ್ಟು ಆ ಬಣ್ಣವನ್ನು ಉಳಿಸಿಡಲು ಹೇಳಿದರು.

"ಇದೂ ಡಬ್ಬೀನ ಅಂತ ತಿಳಕೋ. ಹೆಸರು ಓದು, ಹಚ್ಚು. ಪರದಿ ಮ್ಯಾಲಿನ ಬಣ್ಣ ನಾನೂ ನಂಬಂಗಿಲ್ಲ. ಬೆಳಕು ಬದಲಾದ್ರ ಅದೂ ಬದಲಾಗ್ತದ."

ಹೀಗೆ ಒಂದೊಂದು ಬಣ್ಣಕ್ಕೂ ಹೆಸರು, ಅಂಕಿ ಕೂಡಿಬಂದವು. ಪರದೆ ನೋಡಿ "ಜರಾ ಗಾಢ ಮಾಡ್ರಿ" ಎನ್ನುವ ಗಿರಾಕಿಗೆ ವೈನಿ ಬೈದೇ ಬಿಡುತ್ತಿದ್ದರು. ಬೈಗುಳದಲ್ಲಿ ಮರಾಠಿ ಬೆರೆತರೆ ಕೋಪ ನಿಜವೆಂದು ಅರ್ಥ. ನನ್ನ ಕಣ್ಣಿನ ವಿಷಯವನ್ನು ಮಾತ್ರ ಯಾರ ಮುಂದೆಯೂ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ವೈನಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಸಲು ಅವರ ಮಗಳು ನನ್ನ ಹತ್ತಿರ ಬಂದಳು.

"ಆಯಿ ಹೆಸರು ಬಾಳಿಹಣ್ಣಿನ ಕೆಂಪಿನಾಗ ಇರಲಿರೀ. ಆಕಿಗೆ ಭಾಳ ಸೇರ್ತಿತ್ತು."

ಅಷ್ಟರಲ್ಲಿ ಕಂಪ್ಯೂಟರ್ ಬದಲಾಗಿತ್ತು, ಉಳಿಸಿಟ್ಟ ಬಣ್ಣಗಳು ಅದರಲ್ಲಿರಲಿಲ್ಲ. ಅವೇ ನಾಲ್ಕು ಅಂಕಿ ಒತ್ತಿದೆ. ಮೊದಲ ಕಾರ್ಡು ಹೊರಬಂದಾಗ ಮಗಳು ಅದನ್ನು ಬಾಗಿಲಿಗೆ ಒಯ್ದು, ತಾಯಿಯಂತೆಯೇ ಬಿಸಿಲಿಗೆ ಹಿಡಿದಳು.

"ಅದೇ ಬಣ್ಣರೀ," ಎಂದಳು.

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಕೆಂಪು ಕಾಣದ ನನ್ನ ಕೈಯಿಂದಲೇ ವೈನಿ ತಮ್ಮ ಹೆಸರನ್ನು ತಮಗೆ ಸೇರುವ ಕೆಂಪಿನಲ್ಲಿ ಬರೆಸಿಕೊಂಡರು.