ಮೇಡಂ ಉಪ್ಪು ನೋಡದ ಮೆಕ್ಸಿಕೋ ಅಡುಗೆ

“ಇದಕ್ಕೆ ಉಪ್ಪು ಹಾಕಿದ್ರಾ ಅಮ್ಮಾ?”

ಬಾಯಿಗಿಟ್ಟ ತುತ್ತನ್ನು ನುಂಗಲಾರದೆ ನುಂಗಿ ನಮ್ಮತ್ತೆ ಕೇಳಿದರು. ಹೊಸನಗರದ ನಮ್ಮ ಮಹಿಳಾ ಸಮಾಜಕ್ಕೆ ಪೌಷ್ಟಿಕ ಅಡುಗೆ ಕಲಿಸಲು ಮೈಸೂರಿನಿಂದ ಬಂದಿದ್ದ ಮೇಡಂ ಮುಗುಳ್ನಕ್ಕು ಅವರ ಎಲೆಗೆ ಇನ್ನೊಂದು ಚಮಚ ಬಡಿಸಿದರು.

ಅದು ಮೆಕ್ಸಿಕೋ ದೇಶದ ಅಡುಗೆಯಂತೆ. ಕೊಚ್ಚಿದ ಕುರಿಮಾಂಸವನ್ನು ಬಿಸಿನೀರಿನಲ್ಲಿ ತೊಳೆದೂ ತೊಳೆದೂ ಕೊಬ್ಬಿನ ಜೊತೆ ರುಚಿಯನ್ನೂ ಚರಂಡಿಗೆ ಕಳಿಸಿದ್ದರು. ಮೇಲೆ ಮುಸುಕಿನ ಜೋಳದ ಹಿಟ್ಟು ಮೆತ್ತಿ, ಮೇಲೂ ಕೆಳಗೂ ಕೆಂಡವಿಟ್ಟ ತಗಡಿನ ಪೆಟ್ಟಿಗೆಯಲ್ಲಿ ಬೇಯಿಸಿದ್ದರು. ಅಷ್ಟು ಹೊತ್ತೂ ಅವರ ಮೂಗಿಗೆ ಸೆರಗು. ಬಾಣಂತಿಗೆ ನಾವು ಕೊಡುವ ಕಾಳುಮೆಣಸಿನ ಕೋಳಿಸಾರು ಬರೀ ಜಿಡ್ಡು, ಅದನ್ನು ಬಿಟ್ಟು ಇದನ್ನು ಕೊಡಿ ಎಂಬ ಉಪದೇಶ ಬೇರೆ. ನನ್ನ ನಾದಿನಿ ಹೆತ್ತು ಸೊರಗಿ ಮನೆಯಲ್ಲಿ ಮಲಗಿದ್ದಳು. ಅವಳಿಗೂ ಒಂದಿಷ್ಟು ಒಯ್ಯೋಣವೆಂದು ಅತ್ತೆ ಪಾತ್ರೆ ಹಿಡಿದೇ ಬಂದಿದ್ದರು.

“ನೀವೇ ಒಂಚೂರು ತಿಂದ್ ನೋಡಿ” ಎಂದರು ಅತ್ತೆ.

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. “ಛೆ ಛೆ, ನಾನು ಮಾಂಸ ಮುಟ್ಟೋದೇ ಇಲ್ಲ. ಪುಸ್ತಕದಲ್ಲಿ ಇದ್ದ ಹಾಗೆ ಮಾಡಿದೀನಿ.”

“ನಮ್ಮನೇಲಿ ಅಂಗೈಗೆ ಹಾಕ್ಕೊಂಡು ಉಪ್ಪು ನೋಡ್ದೆ ದಾರಿಹೋಕ್ರಿಗೂ ಬಡ್ಸಲ್ಲ. ನೀವು ಬಾಣಂತಿಗೇ ಬಡ್ಸೋಕ್ ಬಂದ್ರಾ?” ಎಂದು ಅತ್ತೆ ಎಲೆ ಮಡಚಿ, ಖಾಲಿ ಪಾತ್ರೆ ಎತ್ತಿಕೊಂಡು ಎದ್ದರು. ಅಂದು ಸಂಜೆ ನಾದಿನಿ ಕೋಳಿಸಾರು ಸುರಿದುಕೊಂಡು ಉಂಡಳು.

ಈಗ ಯಾರಾದರೂ ಆರೋಗ್ಯಕ್ಕೆ ಒಳ್ಳೆಯದು ಎಂದು ಬಡಿಸಲು ಬಂದರೆ, ನಾನು ಮೊದಲು ನೋಡುವುದು ಅವರ ಎಲೆಯನ್ನು.