ಮಡಿಗೂ ಮಾತ್ರೆ

ಮೊದಲ ಲಕ್ಷಣ ಕಂಡದ್ದು ಸೋಪಿನ ಡಬ್ಬಿಯಲ್ಲಿ.

ತಿಂಗಳಿಗೆಂದು ತಂದಿಟ್ಟ ಸೋಪು ವಾರದೊಳಗೆ ಕರಗುತ್ತಿತ್ತು. ನನ್ನ ಯಜಮಾನರು ಲೈನ್‌ಮನ್. ಕಂಬ ಹತ್ತಿ ಇಳಿದು ಬಂದು ಕೈ ತೊಳೆಯಲು ಹೋದರೆ ಡಬ್ಬಿಯಲ್ಲಿ ಉಗುರಿನಷ್ಟು ಚೂರು. "ಇದೇನು, ಸೋಪ್ನ ಇಲಿ ತಿಂತಾ ಅದಾ?" ಎಂದರು. ನಾನೂ ನಕ್ಕೆ. ಆ ಇಲಿ ನಾನೇ ಎಂದು ನನಗಿನ್ನೂ ತಿಳಿದಿರಲಿಲ್ಲ.

ನಾನು ಗುಂಡ್ಲುಪೇಟೆಯಲ್ಲಿ ಸ್ಟಾಫ್ ನರ್ಸ್. ಹೆಸರು ನಾಗರತ್ನ. ಹೆದರುಪುಕ್ಕಲಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಡಂಚಿನ ಊರುಗಳಿಂದ ಕರಡಿ ಪರಚಿದವರು ಬಂದಾಗ ಡಾಕ್ಟರು ಬರುವ ಮೊದಲೇ ಗಾಯ ತೊಳೆದು ಕಟ್ಟಿದವಳು. ಸೂಜಿ ಕಂಡು ಅಳುವ ಮೀಸೆ ಹೊತ್ತ ಗಂಡಸರನ್ನು ಗದರಿಸಿ ಕೂರಿಸಿದವಳು. ಈ ಕಾಯಿಲೆ ನನಗೆ ಬಂತೆಂದರೆ ಯಾರಿಗಾದರೂ ಬರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷದ ಮಳೆಗಾಲದಲ್ಲಿ, ಗೋಪಾಲಸ್ವಾಮಿ ಬೆಟ್ಟದ ಕಡೆಯ ಒಂದು ಊರಿನಲ್ಲಿ ವಾಂತಿಭೇದಿ ಶುರುವಾಯಿತು. ಬೋರ್‌ವೆಲ್ ಕೆಟ್ಟು ಜನ ಹಳ್ಳದ ನೀರು ಕುಡಿದಿದ್ದರು. ಕಾಲರಾ ಎಂದು ಗೊತ್ತಾಗುವಷ್ಟರಲ್ಲಿ ಸುತ್ತಲಿನ ಊರುಗಳಿಗೂ ಹಬ್ಬಿತ್ತು. ಅಲ್ಲಿನ ಸ್ಕೂಲನ್ನೇ ವಾರ್ಡ್ ಮಾಡಿದೆವು. ಬೆಂಚು ಜೋಡಿಸಿದರೆ ಮಂಚ. ಕಿಟಕಿ ಸರಳಿಗೆ ಹಗ್ಗ ಕಟ್ಟಿದರೆ ಡ್ರಿಪ್ ಸ್ಟ್ಯಾಂಡ್. ಇದ್ದದ್ದು ಒಬ್ಬ ಡಾಕ್ಟರ್, ನಾನು, ಲೀಲಮ್ಮ ಸಿಸ್ಟರ್. ಲೀಲಮ್ಮನವರು ಕೇರಳದವರು, ನನಗಿಂತ ಹಿರಿಯರು, ಕನ್ನಡವನ್ನು ರೋಗಿಗಳಿಂದಲೇ ಕಲಿತವರು.

ಬಂದವರಲ್ಲಿ ಬಹಳಷ್ಟು ಜನ ಎದ್ದು ನಡೆದುಕೊಂಡು ಮನೆಗೆ ಹೋದರು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಒಂದು ಮಗು ಹೋಗಲಿಲ್ಲ.

ಮೂರು ವರ್ಷದ ಹೆಣ್ಣುಮಗು. ನನ್ನ ಮಗಳು ಗೌರಿಯ ವಯಸ್ಸು. ಮೈಯ ನೀರೆಲ್ಲ ಹೋಗಿ ನರ ಬತ್ತಿ ಒಳಗೆ ಸೇರಿಕೊಂಡಿತ್ತು. ಡ್ರಿಪ್ ಸೂಜಿ ಚುಚ್ಚಲು ಕೈಯಲ್ಲಿ ಹುಡುಕಿದೆ, ಕಾಲಲ್ಲಿ ಹುಡುಕಿದೆ, ತಲೆಯಲ್ಲಿ ಹುಡುಕಿದೆ. ಡಾಕ್ಟರೂ ಹುಡುಕಿದರು. ಸಿಗಲಿಲ್ಲ. ನನ್ನ ಸೆರಗು ಹಿಡಿದುಕೊಂಡೇ ಮಗು ಹೋಯಿತು. ಬೆರಳು ಬಿಡಿಸಿ, ಮಗುವನ್ನು ತಾಯಿಯ ಕೈಗೆ ಕೊಟ್ಟು, ಪಕ್ಕದ ಬೆಂಚಿನ ಮುದುಕನ ಬಾಟಲಿ ಬದಲಾಯಿಸಿದೆ. ಅಳಲು ಪುರುಸೊತ್ತಿರಲಿಲ್ಲ.

ರೋಗ ನಿಂತ ಮೇಲೆ ಸಭೆ ಮಾಡಿ ನಮಗೆ ಶಾಲು ಹೊದಿಸಿದರು. ಭಾಷಣದಲ್ಲಿ ದೇವತೆಗಳು ಎಂದರು. ದೇವತೆಗೆ ಹಾರ ಹಾಕುತ್ತಾರೆ, ರಾತ್ರಿ ನಿದ್ದೆ ಬರುತ್ತದಾ ಎಂದು ಯಾರೂ ಕೇಳುವುದಿಲ್ಲ.

ಕೈ ತೊಳೆಯುವುದು ಆಮೇಲೆ ಹೆಚ್ಚಾಯಿತು. ತೊಳೆದ ಕೈ ಒರೆಸುವ ಮೊದಲೇ ನಲ್ಲಿ ಮುಟ್ಟಿದ್ದು ನೆನಪಾಗುತ್ತಿತ್ತು. ಮತ್ತೆ ತೊಳೆಯಬೇಕು. ಕುದಿಸಿದ ನೀರನ್ನು ಇನ್ನೊಮ್ಮೆ ಕುದಿಸುತ್ತಿದ್ದೆ. ಹಿತ್ತಲಿನ ಬಕೆಟ್ಟಿನಲ್ಲಿ ಸದಾ ಬ್ಲೀಚಿಂಗ್ ಪೌಡರ್ ಕಲಸಿದ ನೀರು. ಅತಿಯಾಯಿತು ಎಂದು ಬುದ್ಧಿ ಹೇಳುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಕೊನೆಗೆ ಗೌರಿಯನ್ನು ಎತ್ತಿಕೊಳ್ಳುವುದನ್ನೂ ಬಿಟ್ಟೆ. ಆ ಸ್ಕೂಲಿನ ರೋಗ ನನ್ನ ಮೈಗೆ ಇನ್ನೂ ಅಂಟಿಕೊಂಡಿದೆ, ನಾನು ಮುಟ್ಟಿದರೆ ಇವಳೂ ಹೋಗುತ್ತಾಳೆ ಎಂಬ ಒಂದೇ ಯೋಚನೆ. ಉಣ್ಣಿಸುವುದು, ಮೀಯಿಸುವುದು, ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು ಎಲ್ಲ ಅವಳ ಅಜ್ಜಿಯ ಪಾಲಾಯಿತು. ಹೆತ್ತ ನಾನು ಎರಡು ಮಾರು ದೂರ ನಿಂತು ನೋಡುತ್ತಿದ್ದೆ.

ಬೇರೆ ಯಾರ ಮನೆಯಲ್ಲಾದರೂ ಇದನ್ನು ಕಾಯಿಲೆ ಎನ್ನುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಮಡಿ ಎಂದರು.

ನಮ್ಮತ್ತೆಗೆ ನನ್ನ ಮದುವೆಯಾದಾಗಿನಿಂದ ಒಂದೇ ಕೊರಗು: ಸೊಸೆ ಕಂಡಕಂಡವರ ರಕ್ತ ಕೀವು ಮುಟ್ಟಿದ ಕೈಯಲ್ಲಿ ಅಡುಗೆಮನೆಗೆ ಬರುತ್ತಾಳಲ್ಲ ಎಂದು. ಈಗ ಅದೇ ಸೊಸೆ ಹಿತ್ತಲಲ್ಲೇ ತಲೆಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಒಳಗೆ ಬರುತ್ತಾಳೆ. ಅವರಿಗೆ ಇನ್ನೇನು ಬೇಕು? ಪಕ್ಕದ ಮನೆಯವರನ್ನು ಕರೆದು ಹೇಳಿದರು, "ನಮ್ ಸೊಸೆ ಮಡಿ ಅಂದ್ರೆ ಮಡಿ ಕಣಮ್ಮಿ. ಹೆತ್ತ ಮಗೀನೂ ಮುಟ್ಟಕಿಲ್ಲ." ಸೋಮವಾರ ದೇವರಿಗೆ ಎಡೆ ಇಡುವ ಕೆಲಸ ನನಗೇ ವಹಿಸಿದರು. ಕಾಯಿಲೆಗೆ ಇಷ್ಟು ಒಳ್ಳೆಯ ಹೆಸರು ಸಿಕ್ಕಿದರೆ ಅದು ಮನೆ ಬಿಟ್ಟು ಯಾಕೆ ಹೋಗುತ್ತದೆ?

ಒಂದು ಭಾನುವಾರ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಗೌರಿ ಹಿತ್ತಲಿಂದ ಬಂದಳು. ದೂರದಲ್ಲೇ ನಿಂತು ಎರಡೂ ಕೈ ಚಾಚಿದಳು. ಮೊಣಕೈವರೆಗೆ ಒದ್ದೆ. ಬೆರಳ ಸಂದಿಯೆಲ್ಲ ಕೆಂಪಗೆ ಸುಲಿದಿತ್ತು. ಬ್ಲೀಚಿಂಗ್ ಪೌಡರಿನ ವಾಸನೆ ನನ್ನವರೆಗೂ ಬಂತು.

"ತೊಳ್ಕಂಡಿವ್ನಿ ಕಣವ್ವ. ಈಗ ಎತ್ಕೊ."

ನನಗೆ ಎತ್ತಿಕೊಳ್ಳಲಾಗಲಿಲ್ಲ.

ಅತ್ತೆ ಬಂದು ಮಗುವನ್ನು ಎತ್ತಿಕೊಂಡು ಹೋಗಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದರು. ನಾನು ಮೊರ ಹಿಡಿದುಕೊಂಡೇ ಅತ್ತುಬಿಟ್ಟೆ. ಸ್ಕೂಲಿನ ವಾರ್ಡಿನಲ್ಲಿ ಅಳದೆ ಉಳಿಸಿಕೊಂಡದ್ದೂ ಸೇರಿ ಅವತ್ತು ಬಂತು ಎಂದು ಕಾಣುತ್ತದೆ.

ಮಾರನೆಯ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಲೀಲಮ್ಮನವರ ಜೊತೆ ಬ್ಯಾಂಡೇಜ್ ಸುತ್ತುತ್ತಾ ಹೇಳಿದೆ, "ಸಿಸ್ಟರ್, ನನಗೆ ತಲೆ ಕೆಟ್ಟಿದೆ."

ಅವರು ತಲೆ ಎತ್ತಲಿಲ್ಲ. "ಕೆಟ್ಟಿಲ್ಲ, ನೊಂದಿದೆ. ನಾನು ಲೈಟ್ ಆರಿಸಿ ಮಲಗಿ ಎಷ್ಟು ದಿನ ಆಯ್ತು ಗೊತ್ತಾ? ಕಣ್ಣು ಮುಚ್ಚಿದ್ರೆ ಅದೇ ಸ್ಕೂಲು."

ಒಂದೇ ವಾರ್ಡಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೆಲಸ ಮಾಡಿದವರು ನಾವು. ನಾನು ಅವರನ್ನು ಕೇಳಿರಲಿಲ್ಲ, ಅವರು ನನ್ನನ್ನು ಕೇಳಿರಲಿಲ್ಲ. ರೋಗ ಏನಿದ್ದರೂ ಮಂಚದ ಮೇಲೆ ಮಲಗಿದವರಿಗೆ, ಪಕ್ಕದಲ್ಲಿ ನಿಂತವರಿಗಲ್ಲ ಎಂದು ನಾವೂ ನಂಬಿಬಿಟ್ಟಿದ್ದೆವು. ಚಾಮರಾಜನಗರಕ್ಕೆ ವಾರಕ್ಕೊಮ್ಮೆ ಮೈಸೂರಿನಿಂದ ಸೈಕಿಯಾಟ್ರಿಸ್ಟ್ ಬರುತ್ತಾರೆ, ಇಬ್ಬರೂ ಹೋಗೋಣ ಎಂದರು ಲೀಲಮ್ಮ.

ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ಅದು ನನ್ನ ತವರು. ಕಿಟಕಿಯ ಹತ್ತಿರವೇ ಚಿಕ್ಕವ್ವ.

"ಎಲ್ಲಿಗ್ ಓಯ್ತಿದ್ದಿಯಮ್ಮಿ?"

"ಸೀರೆ ತರಕೆ ಚಿಕ್ಕವ್ವ."

ತಲೆ ಡಾಕ್ಟರ ಹತ್ತಿರ ಎನ್ನುವ ಧೈರ್ಯ ಕರಡಿ ಗಾಯ ಕಟ್ಟಿದವಳಿಗೂ ಬರಲಿಲ್ಲ. ಹೇಳಿದ ಸುಳ್ಳನ್ನು ನಿಜ ಮಾಡಲು ಬರುವಾಗ ಸೀರೆ ಕೊಂಡೇ ಬಂದೆ. ಲೀಲಮ್ಮನವರೂ ಒಂದು ಕೊಂಡರು.

ಡಾಕ್ಟರು ಲೀಲಮ್ಮನವರಿಗೆ ನಿದ್ದೆಗೆ ಬೇಕಾದದ್ದು ಬರೆದುಕೊಟ್ಟು, ನನ್ನ ಕೈ ನೋಡಿ ಇದು ಓಸಿಡಿ, ಗೀಳು ರೋಗ ಎಂದರು. ಮಾತ್ರೆ ಬರೆದರು. ಮಾತ್ರೆಗಿಂತ ಕಹಿಯಾದದ್ದು ಅವರ ಮಾತು.

"ಮಗೂನ ಮುಟ್ಟಿ. ಮುಟ್ಟೋಕೆ ಮುಂಚೆ ತೊಳೀಬೇಡಿ, ಆಮೇಲೂ ತೊಳೀಬೇಡಿ. ಭಯ ಏರುತ್ತೆ, ಏರಲಿ. ಸುಮ್ಮನೆ ಕೂತಿದ್ರೆ ಇಳಿಯುತ್ತೆ."

"ಇಳೀದಿದ್ರೆ ಸಾರ್?"

"ಇಳಿಯುತ್ತೆ ಸಿಸ್ಟರ್. ಇಳಿಯೋ ಮೊದಲೇ ನೀವು ನಲ್ಲಿ ಹತ್ರ ಓಡಿದೀರಿ, ಅದಕ್ಕೇ ನಿಮಗೆ ಗೊತ್ತಾಗಿಲ್ಲ."

ವಾರ್ಡಿನಲ್ಲಿ ಏನು ಮಾಡಲಿ ಎಂದು ಕೇಳಿದೆ. ಲೀಲಮ್ಮ ಎಷ್ಟು ಸಲ ಕೈ ತೊಳೆಯುತ್ತಾರೋ ನೀವೂ ಅಷ್ಟೇ ಸಲ ಎಂದರು ಡಾಕ್ಟರು.

ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ಅತ್ತೆಗೆ ಸಿಟ್ಟೇ ಬಂತು. "ಮಡಿಗೂ ಮಾತ್ರೆ ಕೊಟ್ಟವ್ರಾ? ಇನ್ ದೇವ್ರಿಗೂ ಸೂಜಿ ಚುಚ್ಬುಡ್ಲಿ." ಪಾತ್ರೆ ಕುಕ್ಕುತ್ತಾ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗೌರಿಯನ್ನು ಸೊಂಟದಲ್ಲಿ ಕೂರಿಸಿಕೊಂಡು ಈಚೆ ಬಂದರು. ಮಗುವಿನ ಸುಲಿದ ಬೆರಳುಗಳನ್ನೇ ನೋಡುತ್ತಿದ್ದರು.

"ಮಡಿ ಮಾಡಿದ್ರೆ ಮನ್ಸು ತಣ್ಣಗಾಗ್ಬೇಕು ಕಣಮ್ಮಿ. ನೀನು ಉರೀತಿದ್ದೆ. ನಾನು ಬೀದಿಗೆಲ್ಲ ಏಳ್ಕಂಡು ತಿರುಗ್ಬುಟ್ಟೆ."

ಅವತ್ತಿನಿಂದ ಅವರೇ ನನಗೆ ಕಾವಲು. ಸೋಪು ಅಕ್ಕಿ ಡ್ರಮ್ಮಿನೊಳಗೆ ಅಡಗಿತು. ಬ್ಲೀಚಿಂಗ್ ಪೌಡರ್ ತಿಪ್ಪೆಗೆ ಹೋಯಿತು. ಮೊದಲ ದಿನ ಗೌರಿಯ ಕಾಲ ಹೆಬ್ಬೆರಳು ಮುಟ್ಟಿದೆನಷ್ಟೆ. ಎದೆ ಹಾರಿತು. ಬೆವರಿಗೆ ಕುಪ್ಪಸ ಒದ್ದೆಯಾಯಿತು. ಎದ್ದು ಬಚ್ಚಲ ಕಡೆ ತಿರುಗಿದರೆ ಬಾಗಿಲಿಗೆ ಅಡ್ಡಲಾಗಿ ಅತ್ತೆ ಕಾಲು ಚಾಚಿ ಕೂತಿದ್ದರು, ಎಲೆ ಅಡಿಕೆ ಮೆಲ್ಲುತ್ತಾ. "ದಾಟ್ಕಂಡು ಓಗು ನೋಡನ." ಹಿರಿಯರ ಕಾಲು ದಾಟುವುದುಂಟೆ? ಕೂತೆ. ಭಯ ಏರಿತು, ಏರಿತು. ಆಮೇಲೆ, ಅತ್ತೆ ಎರಡನೆಯ ಎಲೆಗೆ ಸುಣ್ಣ ಹಚ್ಚುವ ಹೊತ್ತಿಗೆ, ಇಳಿಯಿತು. ತಾನಾಗಿ ಇಳಿಯಿತು. ನಾನು ಇನ್ನೂ ಗೆದ್ದಿರಲಿಲ್ಲ, ಆದರೆ ಗೆಲ್ಲಬಹುದು ಎಂದು ಗೊತ್ತಾದದ್ದು ಆಗಲೇ.

ಬೆರಳಾದ ಮೇಲೆ ಅಂಗೈ, ಅಂಗೈಯಾದ ಮೇಲೆ ಕೆನ್ನೆ. ಹಾಗೆಂದು ಮೆಟ್ಟಿಲು ಹತ್ತಿದಂತೆ ಸಲೀಸಾಗಿ ಏನೂ ಆಗಲಿಲ್ಲ. ಹಬ್ಬದ ದಿನ ಜನ ಸೇರಿದಾಗ ಮತ್ತೆ ನಲ್ಲಿಗೆ ಓಡಿದ್ದೂ ಇದೆ, ಯಜಮಾನರು ಹಿಂದೆಯೇ ಬಂದು ನಲ್ಲಿ ನಿಲ್ಲಿಸಿ, ನನ್ನ ಕೈ ಹಿಡಿದುಕೊಂಡು ನಿಂತದ್ದೂ ಇದೆ. ಮಾತ್ರೆ ಈಗ ಅರ್ಧಕ್ಕೆ ಇಳಿದಿದೆ. ಲೀಲಮ್ಮ ಲೈಟ್ ಆರಿಸಿ ಮಲಗುತ್ತಾರಂತೆ.

ಈ ಮಳೆಗಾಲಕ್ಕೆ ವಾಂತಿಭೇದಿಯ ಕೇಸುಗಳು ಮತ್ತೆ ಬಂದವು. ಡ್ಯೂಟಿಯನ್ನು ನಾನೇ ಕೇಳಿ ಹಾಕಿಸಿಕೊಂಡೆ. ಮೊನ್ನೆ ಒಂದು ಕೂಸಿಗೆ ಮೊದಲ ಸಲ ನರ ಸಿಗಲಿಲ್ಲ. ಒಂದು ಕ್ಷಣ ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಹುಡುಕಿದೆ. ಸಿಕ್ಕಿತು.

ಸಂಜೆ ಮನೆಗೆ ಬಂದಾಗ ಅತ್ತೆ ಒಂದು ಚೊಂಬು ನೀರು ಕೊಟ್ಟರು. ಕೈಕಾಲು ತೊಳೆದುಕೊಂಡೆ. "ಇನ್ನೊಂದು ಚೊಂಬು ಕೊಡಿ ಅತ್ತೆ" ಎಂಬ ಮಾತು ನಾಲಗೆ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಮಣ್ಣಾಡುತ್ತಿದ್ದ ಗೌರಿ, ಮೈಯೆಲ್ಲ ಕೆಸರು, ಮೂಗಲ್ಲಿ ಸಿಂಬಳ, ಓಡಿ ಬಂದು ನನ್ನ ಮೇಲೆ ಬಿದ್ದಳು. ಎತ್ತಿಕೊಂಡೆ. ಭಯ ಬಂತು. ಬರಲಿ ಎಂದು ಅವಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಡ್ಯೂಟಿಯ ಬಿಳಿ ಸೀರೆಯ ಹೆಗಲೆಲ್ಲ ಕೆಸರಾಯಿತು. ಮಾರನೆಯ ದಿನ ಒಗೆದು ಹಾಕಿದೆ. ಒಂದೇ ಸಲ.